ಎರಡನೆಯ ಬ್ರೇಕು

ಆ ಊರಿನಲ್ಲಿ ಸ್ಟೇರಿಂಗ್ ಹಿಡಿದ ಮುಕ್ಕಾಲು ಪಾಲು ಜನ ಮೊದಲ ಬೈಗುಳ ತಿಂದದ್ದು ಬ್ರೇಕಮ್ಮನಿಂದ. ಅಪ್ಪ ಅಮ್ಮ ಇಟ್ಟ ಹೆಸರು ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ದೊಡ್ಡದಾಗಿಯೇ ಇತ್ತು. ಅದನ್ನು ಓದಿದವನು ಅಂಚೆಯವನೊಬ್ಬನೇ. ಕಲಿಯುವವರ ಕಾರಿನಲ್ಲಿ ಎರಡು ಬ್ರೇಕು ಇರುತ್ತವಲ್ಲ, ಒಂದು ಕಲಿಯುವವರ ಕಾಲ ಬಳಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬಳಿ. ಆ ಎರಡನೆಯ ಬ್ರೇಕಿನ ಮೇಲೆ ಇಪ್ಪತ್ತಾರು ವರ್ಷ ಕಾಲಿಟ್ಟು ಕೂತವಳಿಗೆ ಊರೇ ಆ ಹೆಸರು ಕಟ್ಟಿತ್ತು. ಅವಳಿಗೂ ಬೇಜಾರಿರಲಿಲ್ಲ. ‘ನಾನು ಒತ್ತದೇ ಇದ್ದಿದ್ರೆ ಈ ಊರಲ್ಲಿ ಅರ್ಧ ಜನ ಗೋಡೆ ಮೇಲಿನ ಫೋಟೋ ಆಗಿರ್ತಿದ್ರು’ ಎನ್ನುತ್ತಿದ್ದಳು.

ಬೆಳಿಗ್ಗೆ ಆರಕ್ಕೆ ಮೊದಲ ಕ್ಲಾಸು. ಆರೂ ಐದಕ್ಕೆ ಬಂದವರು ಮಾರನೆಯ ದಿನ ಬರಬೇಕು. ಕೈಯಲ್ಲಿ ಒಂದು ಅಡಿಯ ಸ್ಟೀಲ್ ಸ್ಕೇಲು. ಗೇರು ಹಾಕುವಾಗ ಕಣ್ಣು ಕೆಳಗಿಳಿದರೆ ಮಣಿಗಂಟಿನ ಮೇಲೆ ಟಪ್ ಎಂದು ಬೀಳುತ್ತಿತ್ತು. ‘ಕನ್ನಡಿ ನೋಡು ಅಂದ್ರೆ ಮೀಸೆ ನೋಡ್ಕೋ ಅಂತಲ್ಲಪ್ಪ, ಹಿಂದೆ ಬರ್ತಿರೋ ಲಾರಿ ನೋಡು!’ ಬೇರೆ ಎರಡು ಸ್ಕೂಲುಗಳಲ್ಲಿ ಒಂದು ತಿಂಗಳಿಗೆ ಮುಗಿಯುವ ಪಾಠ ಇವಳಲ್ಲಿ ಮೂರು ತಿಂಗಳು. ಪರೀಕ್ಷೆಗೆ ಹೋಗಬೇಕಾದರೆ ಕಲಿಸಿದವರ ಸಹಿ ಬೇಕು. ಆ ಸಹಿಗಾಗಿ ನಗರಸಭೆಯ ಅಧ್ಯಕ್ಷನೇ ಮಗನನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕಾದದ್ದಿದೆ. ಹಟಮಾರಿ ಎಂದರು, ಸೊಕ್ಕು ಎಂದರು. ಆದರೂ ಮಗಳಿಗೆ ಕಾರು ಕಲಿಸಬೇಕೆಂದರೆ ಬೈದವರೇ ಇವಳ ಬಾಗಿಲಿಗೆ ಬರುತ್ತಿದ್ದರು.

ಇಂಥವಳು ರಾಜಕೀಯಕ್ಕೆ ಇಳಿದದ್ದೂ ಲೈಸೆನ್ಸಿನ ದೆಸೆಯಿಂದಲೇ. ಗಡಿಯಾಚೆಯಿಂದ ಕಾಗದಪತ್ರ ಇಲ್ಲದೆ ಬಂದು ನೆಲೆಸಿದವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಾನೂನು ತರಬೇಕೆಂದು ಆ ರಾಜ್ಯದಲ್ಲಿ ಮಾತು ಎದ್ದಿತ್ತು. ಕಾನೂನು ಬಂದರೆ ಮೊದಲು ಲಾಭವಾಗುವುದು ಡ್ರೈವಿಂಗ್ ಸ್ಕೂಲುಗಳಿಗೆ. ಬ್ರೇಕಮ್ಮ ಮಾತ್ರ ಊರ ಸಭೆಯಲ್ಲಿ ಎದ್ದು ನಿಂತು ಬೇಡವೇ ಬೇಡ ಎಂದಳು. ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವ ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟು, ‘ಬರೋ ಗಿರಾಕೀನ ಬಾಗಿಲಲ್ಲೇ ವಾಪಸ್ ಕಳಿಸೋ ಅಂಗಡಿಯವಳನ್ನ ಇದೇ ಮೊದಲು ನೋಡ್ತಿರೋದು’ ಎಂದ.

‘ವ್ಯಾಪಾರ ಬೇರೆ, ನ್ಯಾಯ ಬೇರೆ’ ಎಂದಳು.

ಹಳೆಯ ಕಟ್ಟುಪಾಡು, ಶಿಸ್ತು, ಗಡಿಯ ಕಾವಲು ಎಂದು ಮಾತಾಡುವ ಸಂಪ್ರದಾಯವಾದಿ ಪಕ್ಷಕ್ಕೆ ಆ ಕ್ಷೇತ್ರದಲ್ಲಿ ಅಭ್ಯರ್ಥಿ ಇರಲಿಲ್ಲ, ಇದ್ದವರಿಗೆ ಹೆಸರಿರಲಿಲ್ಲ. ಪಕ್ಷದ ಕಾರ್ಯದರ್ಶಿ ಹನ್ನೆರಡು ವರ್ಷದ ಹಿಂದಿನ ಅವಳ ಶಿಷ್ಯ. ಹೂಗುಚ್ಛ ಹಿಡಿದು ಬಂದ. ವಿಧಾನಸಭೆಗೆ ನಿಲ್ಲಿ ಎಂದ. ಅವಳು ಹೂಗುಚ್ಛ ಗಂಡನ ಕೈಗೆ ಕೊಟ್ಟು, ಒಂದು ಷರತ್ತು ಹಾಕಿದಳು: ನನ್ನ ಭಾಷಣ ನಾನೇ ಮಾಡಿಕೊಳ್ಳುತ್ತೇನೆ, ಯಾರೂ ಬರೆದು ಕೊಡಬಾರದು.

ಪ್ರಚಾರಕ್ಕೆ ತೆರೆದ ಜೀಪು ಬೇಡವೆಂದು ತನ್ನ ಕಾರಿನಲ್ಲೇ, ಮೇಲಿನ ಕೆಂಪು ‘ಎಲ್’ ಬೋರ್ಡಿನ ಸಮೇತ ಹೊರಟಳು. ಯಾವ ಬೀದಿಗೆ ಹೋದರೂ ಒಬ್ಬರಾದರೂ ‘ಅಮ್ಮಾ, ಈಗಲೂ ಸ್ಟೇರಿಂಗ್ ಮೇಲೆ ಕೈ ಹತ್ತೂ ಹತ್ತಕ್ಕೇ ಇಡ್ತೀನಿ’ ಎಂದು ಗಡಿಯಾರದ ಮುಳ್ಳಿನಂತೆ ಎರಡು ಕೈ ಎತ್ತಿ ತೋರಿಸುತ್ತಿದ್ದರು. ಅವಳ ಭಾಷಣವೂ ಪಾಠದ ಹಾಗೇ ಚುಟುಕು. ‘ಹೊರಗಿಂದ ಬರೋರ ಮೇಲೆ ನಂಗೆ ದ್ವೇಷ ಇಲ್ಲ. ಬರಲಿ, ಬಾಗಿಲು ತಟ್ಟಿ ಬರಲಿ. ಸಾಲಲ್ಲಿ ನಿಂತೋರು ನಿಂತೇ ಇರೋವಾಗ ಹಿತ್ತಲಿಂದ ನುಗ್ಗಿದವನಿಗೆ ಮಣೆ ಹಾಕಿದ್ರೆ, ನಿಂತವನು ಪೆದ್ದ ಅಂತಾಗಲ್ವಾ? ಲೈಸೆನ್ಸ್ ಅಂದ್ರೆ ಈ ಮನುಷ್ಯ ಯಾರು ಅಂತ ಸರ್ಕಾರ ಹೇಳೋ ಮಾತು. ಗೊತ್ತಿಲ್ಲದೋನ ಬಗ್ಗೆ ಸರ್ಕಾರ ಹೇಗೆ ಹೇಳತ್ತೆ?’ ಚಪ್ಪಾಳೆ ಬೀಳುತ್ತಿತ್ತು. ಎದುರಾಳಿ ವಕೀಲ ಕಾನೂನಿನ ಪರವಾಗಿದ್ದ, ಒಳ್ಳೆಯ ಮಾತುಗಾರ. ಆದರೂ ಈ ಸಲ ಬ್ರೇಕಮ್ಮನೇ ಎಂದು ಕ್ಷೌರದಂಗಡಿಯಿಂದ ಕೋರ್ಟಿನ ಕ್ಯಾಂಟೀನಿನವರೆಗೆ ಮಾತಾಗಿತ್ತು. ಅವಳಿಗಂತೂ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮತದಾನಕ್ಕೆ ಹನ್ನೆರಡು ದಿನ ಇರುವಾಗ ಮಾರ್ಕೆಟ್ ಇಳಿಜಾರಿನಲ್ಲಿ ಅಪಘಾತವಾಯಿತು. ಆ ಇಳಿಜಾರು ನೇರವಾಗಿ ಇಳಿದು, ಕೊನೆಯಲ್ಲಿ ಔಷಧಿ ಅಂಗಡಿಯ ಮೂಲೆಗೆ ಗಕ್ಕನೆ ತಿರುಗುತ್ತದೆ. ಮೇಲಿನಿಂದ ಇಳಿಯುತ್ತಿದ್ದದ್ದು ಬ್ರೇಕಮ್ಮನ ಅಣ್ಣನ ಮಗಳು. ನರ್ಸ್ ಕೆಲಸಕ್ಕೆ ಸೇರಿ, ಅತ್ತೆಯ ಬಳಿಯೇ ಕಲಿತು ಲೈಸೆನ್ಸ್ ಪಡೆದು ತಿಂಗಳಾಗಿತ್ತು, ಸ್ವಂತ ಕಾರಿನಲ್ಲಿ ಹೊರಟಿದ್ದಳು. ಕೆಳಗಿನಿಂದ ತರಕಾರಿ ವ್ಯಾನು ಬರುತ್ತಿತ್ತು. ವ್ಯಾನು ಅಂಗಡಿಯ ಮೆಟ್ಟಿಲೇರಿ ನಿಂತಿತು. ಹುಡುಗಿಗೆ ಕಾಲರ್ ಮೂಳೆ ಮುರಿಯಿತು. ವ್ಯಾನಿನವನ ಹಣೆಗೆ ಏಳು ಹೊಲಿಗೆ. ಅವನ ಜೇಬು ನೋಡಿದ ಪೊಲೀಸರಿಗೆ ಲೈಸೆನ್ಸ್ ಸಿಗಲಿಲ್ಲ, ಈ ದೇಶದ ಬೇರೆ ಯಾವ ಕಾಗದವೂ ಸಿಗಲಿಲ್ಲ. ಸೀದಾ ಲಾಕಪ್ಪಿಗೆ ಹಾಕಿದರು. ಅಜಾಗರೂಕತೆಯಿಂದ ಗಾಯ ಮಾಡಿದ ಕೇಸು ನಿಂತರೆ ಮೊದಲು ಜೈಲು, ಆಮೇಲೆ ಗಡಿಯಾಚೆ.

ಕಾರ್ಯದರ್ಶಿ ಓಡಿ ಬಂದ. ದುಃಖದ ಮುಖ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ‘ಅಮ್ಮಾ, ಹೀಗಾಗಬಾರದಿತ್ತು. ಆದ್ರೆ ನೀವು ಆರು ತಿಂಗಳಿಂದ ಏನು ಹೇಳ್ತಿದ್ರೋ ಅದೇ ಆಯ್ತಲ್ಲ! ಅದೂ ನಿಮ್ಮ ಮನೆಮಗಳಿಗೇ!’ ಸಂಜೆಯೊಳಗೆ ಪೋಸ್ಟರು ತಯಾರಾಯಿತು: ಮೆಟ್ಟಿಲೇರಿದ ವ್ಯಾನು, ಕೆಳಗೆ ಬ್ರೇಕಮ್ಮನ ಮಾತು. ಗುರುವಾರ ಪುರಭವನದಲ್ಲಿ ದೊಡ್ಡ ಸಭೆ. ಬ್ರೇಕಮ್ಮನೂ ಸಿಟ್ಟಿನಲ್ಲಿದ್ದಳು. ಎತ್ತಿ ಆಡಿಸಿದ ಮಗು ಆಸ್ಪತ್ರೆಯಲ್ಲಿ ಮಲಗಿದೆ. ಹಾಕಿ ಪೋಸ್ಟರು ಎಂದಳು.

ಆಸ್ಪತ್ರೆಯಲ್ಲಿ ಹುಡುಗಿ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಒರಗಿದ್ದಳು. ಅತ್ತೆಯನ್ನು ಕಂಡು ಅಳು ಬಂತು.

‘ಅವನು ಅಡ್ಡ ಬಂದ್ನಾ?’

‘ಗೊತ್ತಿಲ್ಲ ಅತ್ತೆ. ನಂಗೊಂದೇ ಆಶ್ಚರ್ಯ. ಆ ತಿರುವು ಬಂದಾಗ ಕಾರು ನಿಧಾನ ಆಗ್ಲೇ ಇಲ್ಲ.’

‘ನೀನು ಬ್ರೇಕ್ ಒತ್ತಲಿಲ್ವಾ?’

‘ಅಲ್ಲಿ ಕಾರು ತಾನಾಗೇ ನಿಧಾನ ಆಗತ್ತಲ್ಲ ಅತ್ತೆ. ಕಲಿಯೋವಾಗ ಯಾವಾಗ್ಲೂ ಆಗ್ತಿತ್ತು.’

ನೋವಿನ ಮಾತ್ರೆಯ ಮಂಪರು ಎಂದುಕೊಂಡಳು ಬ್ರೇಕಮ್ಮ. ತಲೆ ಸವರಿ ಹೊರಗೆ ಬಂದಳು. ಆದರೂ ಮನೆಗೆ ಹೋಗದೆ ಕಾರು ಮಾರ್ಕೆಟ್ಟಿನ ಕಡೆ ತಿರುಗಿಸಿದಳು. ರಸ್ತೆ ನೋಡಿದರೆ ನಡೆದದ್ದು ಗೊತ್ತಾಗುವಷ್ಟು ಅನುಭವ ಅವಳಿಗಿತ್ತು. ಕೆಳಗಿನಿಂದ ಬಂದ ವ್ಯಾನಿನ ಟೈರು ಡಾಂಬರಿನ ಮೇಲೆ ಎರಡು ಕಪ್ಪು ಗೆರೆ ಎಳೆದಿತ್ತು. ಗೆರೆ ತನ್ನ ಬದಿಯಲ್ಲೇ ಇತ್ತು. ಕೊನೆಗೆ ಇನ್ನಷ್ಟು ಅಂಚಿಗೆ ಸರಿದು ಮೆಟ್ಟಿಲು ಮುಟ್ಟಿತ್ತು. ಬ್ರೇಕು ಬಲವಾಗಿ ಒತ್ತಿ, ಎದುರಿನವರಿಗೆ ಜಾಗ ಬಿಡಲೆಂದೇ ಪಕ್ಕಕ್ಕೆಳೆದವನ ಗುರುತು. ಇಳಿಜಾರಿನ ಕಡೆ ಒಂದು ಗೀಟೂ ಇರಲಿಲ್ಲ. ಹುಡುಗಿಯ ಕಾರು ನೆಲಕ್ಕೆ ಉಗುರೂ ತಾಗಿಸದೆ ಇಳಿದಿತ್ತು.

ಔಷಧಿ ಅಂಗಡಿಯವನು ಶಟರಿನ ಡೊಂಕು ನೋಡುತ್ತ ನಿಂತಿದ್ದ. ‘ಇದು ನಾಲ್ಕನೇ ಶಟರ್ ಅಮ್ಮ. ಮೊದಲ ಮೂರೂ ನಿಮ್ಮ ಶಿಷ್ಯರದೇ’ ಎಂದು ನಕ್ಕ. ಬ್ರೇಕಮ್ಮ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದಳು.

ಮಾರನೆಯ ಬೆಳಿಗ್ಗೆ ಆರಕ್ಕೆ ಬ್ಯಾಂಕಿನ ಕ್ಯಾಷಿಯರ್ ಹೆಂಗಸಿನ ಕ್ಲಾಸಿತ್ತು. ಎಂದಿನಂತೆ ಇಳಿಜಾರಿಗೆ ಕರೆದುಕೊಂಡು ಹೋದಳು. ಆದರೆ ಅಂದು ರಸ್ತೆ ನೋಡಲಿಲ್ಲ, ತನ್ನ ಕಾಲು ನೋಡಿದಳು. ಔಷಧಿ ಅಂಗಡಿಯ ಬೋರ್ಡು ಕಂಡದ್ದೇ ತಡ, ಪಾದ ಯಾರನ್ನೂ ಕೇಳದೆ ಮೆಲ್ಲಗೆ ಕೆಳಗಿಳಿಯಿತು. ಕಾರು ಹೂವಿನಂತೆ ನಿಧಾನವಾಯಿತು. ಕ್ಯಾಷಿಯರ್ ಸುಖವಾಗಿ ತಿರುಗಿಸಿದಳು. ‘ನೋಡಿ ಮೇಡಂ, ಈ ತಿರುವು ನಂಗೆ ಚೆನ್ನಾಗಿ ಬಂದ್ಬಿಟ್ಟಿದೆ’ ಎಂದಳು.

ಮತ್ತೊಮ್ಮೆ ಮೇಲೆ ಹೋಗಿ ಎಂದಳು ಬ್ರೇಕಮ್ಮ. ಈ ಸಲ ಒತ್ತಬಾರದೆಂದು ಗಟ್ಟಿಮನಸ್ಸು ಮಾಡಿದಳು. ಕಾಲು ಒತ್ತಿಯೇ ಒತ್ತಿತು. ಇಪ್ಪತ್ತಾರು ವರ್ಷ! ನಾಲ್ಕೈದು ಸಾವಿರ ಜನ! ಒಬ್ಬರಿಗೂ ಆ ತಿರುವಿನಲ್ಲಿ ಬ್ರೇಕು ಒತ್ತುವುದನ್ನು ಅವಳು ಕಲಿಸಿರಲಿಲ್ಲ. ಎಲ್ಲರ ಪರವಾಗಿ ತಾನೇ ಒತ್ತಿ, ಕಲಿತರು ಎಂದು ಸಹಿ ಹಾಕಿ ಕಳಿಸಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಷ್ಟು ನಾಚಿಕೆ ಅವಳಿಗೆ ಬದುಕಿನಲ್ಲಿ ಆಗಿರಲಿಲ್ಲ.

ಗಂಡನಿಗೆ ಹೇಳಿದಳು. ಅವನು ಬಾಬಿನ್ನಿಗೆ ದಾರ ಸುತ್ತಿ ಮುಗಿಸಿದ. ‘ಯಾರಿಗೂ ಗೊತ್ತಿಲ್ಲ. ನಿಂಗೆ ಮಾತ್ರ ಗೊತ್ತಾಗಿದೆ’ ಎಂದ.

‘ಅದೇ ಕಷ್ಟ’ ಎಂದಳು.

ಕಾರ್ಯದರ್ಶಿಗೆ ಹೇಳಿದಾಗ ಅವನ ಮುಖದ ಬಣ್ಣ ಇಳಿಯಿತು. ‘ಹನ್ನೊಂದು ದಿನ ಸುಮ್ನಿರಿ ಅಮ್ಮ. ಗೆದ್ದ ಮೇಲೆ ಒಳಗೊಳಗೇ ಕೇಸು ಸಡಿಲ ಮಾಡ್ಸೋಣ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅವನ ಹತ್ರ ಲೈಸೆನ್ಸ್ ಇರ್ಲಿಲ್ಲ ಅನ್ನೋದಂತೂ ನಿಜ ತಾನೇ?’

‘ಅದು ನಿಜ. ಅದಕ್ಕೆ ದಂಡ ಹಾಕ್ಲಿ. ಮಾಡದ ತಪ್ಪಿಗೆ ಜೈಲು ಯಾಕೆ?’

ಅಣ್ಣ ಇನ್ನೂ ಒರಟಾಗಿಯೇ ಮಾತಾಡಿದ. ‘ಹೊರಗಿನವನೊಬ್ಬನಿಗೋಸ್ಕರ ಮನೆಮಗಳ ಮೇಲೆ ತಪ್ಪು ಹೊರಿಸ್ತೀಯಾ? ನಿನ್ನ ಪಕ್ಷದ ಮಾತೇನು, ನೀನು ಮಾಡ್ತಿರೋದೇನು?’

‘ಅವಳ ಮೇಲಲ್ಲ ಅಣ್ಣ, ನನ್ನ ಮೇಲೆ ಹೊರಿಸ್ಕೋತಿದೀನಿ. ಅವಳು ನಾನು ಕಲಿಸಿದ ಹಾಗೇ ಓಡಿಸಿದ್ಳು.’

ಅಣ್ಣ ಎದ್ದು ಹೋದ. ಎರಡು ತಿಂಗಳು ಆ ಮನೆಯ ಹೊಸ್ತಿಲು ಅವಳ ಪಾಲಿಗೆ ಮುಚ್ಚಿತು. ಆ ನೋವು ದೊಡ್ಡದೇ. ಹುಡುಗಿ ಮಾತ್ರ ಆಸ್ಪತ್ರೆಯಿಂದ ಫೋನು ಮಾಡಿ, ‘ಹೇಳಿಬಿಡಿ ಅತ್ತೆ. ಆ ಮನುಷ್ಯನ ಮುಖ ಕಣ್ಣಿಗೆ ಕಟ್ಟಿದೆ, ಪಕ್ಕಕ್ಕೆಳೀತಿದ್ದ’ ಎಂದಳು.

ಠಾಣೆಯ ಇನ್ಸ್‌ಪೆಕ್ಟರೂ ಶಿಷ್ಯನೇ. ಎದ್ದು ನಿಂತು ಕುರ್ಚಿ ಕೊಟ್ಟ. ಲೈಸೆನ್ಸೇ ಇಲ್ಲದವನು ಸಿಕ್ಕಿರುವಾಗ ತಪ್ಪು ಯಾರದೆಂದು ಬೇರೆ ಹುಡುಕಿಕೊಂಡು ಹೋಗಬೇಕೇ ಎಂಬುದು ಅವನ ವಾದ. ಬ್ರೇಕಮ್ಮ ಅವನನ್ನು ರಸ್ತೆಗೆ ಕರೆದುಕೊಂಡು ಹೋಗಿ, ಸ್ಟೀಲ್ ಸ್ಕೇಲಿನ ತುದಿಯಿಂದ ಗೆರೆ ತೋರಿಸಿ, ಫೋಟೋ ತೆಗೆಸಿ, ವಾಪಸ್ ಬಂದು ಮೂರು ಪುಟ ಹೇಳಿಕೆ ಬರೆಸಿದಳು. ಗಾಯದ ಕೇಸು ಬಿದ್ದುಹೋಯಿತು. ಲೈಸೆನ್ಸಿಲ್ಲದೆ ಓಡಿಸಿದ್ದಕ್ಕೆ ದಂಡ ಉಳಿಯಿತು. ವ್ಯಾನಿನವನನ್ನು ಹೊರಗೆ ತಂದರು. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕೈ ಮುಗಿದ.

‘ಕೈ ಮುಗೀಬೇಡ’ ಎಂದಳು. ‘ನಾನು ಗೆದ್ರೆ ನಿಂಗೆ ಲೈಸೆನ್ಸ್ ಕೊಡೋ ಕಾನೂನಿಗೆ ವಿರೋಧವಾಗೇ ಕೈ ಎತ್ತೋದು.’

‘ಗೊತ್ತಮ್ಮ. ಗೋಡೆ ಗೋಡೆಯಲ್ಲೂ ಓದಿದೀನಿ.’

‘ಸಾಲಲ್ಲಿ ನಿಂತು ಬರಬೇಕಿತ್ತು.’

‘ಆರು ವರ್ಷದಿಂದ ಅರ್ಜಿ ಹಾಕ್ಕೊಂಡು ನಿಂತೇ ಇದೀನಮ್ಮ. ಸಾಲು ಸರೀತಿಲ್ಲ.’

ಬ್ರೇಕಮ್ಮ ಸ್ಕೇಲನ್ನು ಕಂಕುಳಲ್ಲಿಟ್ಟುಕೊಂಡು ಠಾಣೆಯ ಮೆಟ್ಟಿಲಿಳಿದಳು.

ಗುರುವಾರ ಪುರಭವನ ಕಿಕ್ಕಿರಿದಿತ್ತು. ಹಿಂದಿನ ಗೋಡೆಗೆ ವ್ಯಾನಿನ ಪೋಸ್ಟರು ಅಂಟಿಸಿದ್ದರು. ಬ್ರೇಕಮ್ಮ ಮೈಕಿನ ಮುಂದೆ ಬಂದವಳು ಮೊದಲು ಅದನ್ನು ತೆಗೆಸಿದಳು. ‘ಕಾಗದ ಇಲ್ಲದೋರ ಬಗ್ಗೆ ನಾನು ಹೇಳಿದ ಒಂದು ಮಾತನ್ನೂ ವಾಪಸ್ ತಗೊಳ್ಳಲ್ಲ. ಇವತ್ತು ಬೇರೆ ಮಾತಿದೆ. ನನ್ನ ಹತ್ರ ಕಾರು ಕಲಿತೋರು ಕೈ ಎತ್ತಿ.’

ನಗೆ ಹರಿಯಿತು. ಸಭೆಯ ಅರ್ಧಕ್ಕೂ ಹೆಚ್ಚು ಕೈಗಳು ಎದ್ದವು. ವೇದಿಕೆಯ ಮೇಲೆ ಕಾರ್ಯದರ್ಶಿಯ ಕೈಯೂ ಎದ್ದಿತು.

‘ಹಾಗೇ ಇರಲಿ. ಮಾರ್ಕೆಟ್ ಇಳಿಜಾರಿನ ಕೊನೇಲಿ, ಔಷಧಿ ಅಂಗಡಿ ಹತ್ರ, ಕಲಿಯೋ ಕಾಲದಲ್ಲಿ ತಮ್ಮ ಕಾಲಿಂದ ತಾವೇ ಬ್ರೇಕ್ ಒತ್ತಿದ್ದು ಯಾರಿಗೆ ನೆನಪಿದೆಯೋ ಅವರ ಕೈ ಮಾತ್ರ ಮೇಲಿರಲಿ.’

ಜನ ನಗುತ್ತಲೇ ಯೋಚಿಸಿದರು. ನಗು ನಿಂತಿತು. ಒಂದು ಕೈ ಇಳಿಯಿತು, ಆಮೇಲೆ ಇನ್ನೊಂದು, ಆಮೇಲೆ ಸಾಲು ಸಾಲಾಗಿ. ಕಾರ್ಯದರ್ಶಿ ತನ್ನ ಕೈಯನ್ನು ತಾನೇ ನೋಡಿಕೊಂಡು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. ಬ್ರೇಕಮ್ಮ ನಡೆದದ್ದೆಲ್ಲ ಹೇಳಿದಳು, ಒಂದಕ್ಷರ ಮುಚ್ಚಿಡಲಿಲ್ಲ. ‘ವ್ಯಾನಿನವನ ತಪ್ಪು ಲೈಸೆನ್ಸಿಲ್ಲದೆ ಓಡಿಸಿದ್ದು. ಡಿಕ್ಕಿ ನನ್ನ ತಪ್ಪು. ಆ ಸಹಿ ನನ್ನದು. ಭಾನುವಾರ ಬೆಳಿಗ್ಗೆ ಆರಕ್ಕೆ ಎಲ್ರೂ ಇಳಿಜಾರಿನ ಮೇಲೆ ಬನ್ನಿ. ವೋಟು ಯಾರಿಗಾದ್ರೂ ಹಾಕಿ. ಹಾಕೋಕೆ ಮೊದಲು ಬದುಕಿರಬೇಕಲ್ಲ.’

ಭಾನುವಾರ ಮಾರ್ಕೆಟ್ಟಿನಿಂದ ಸಿನಿಮಾ ಥಿಯೇಟರಿನವರೆಗೆ ಕಾರುಗಳು ನಿಂತವು. ಪೊಲೀಸರು ಎದುರು ಬರುವ ವಾಹನಗಳನ್ನು ತಡೆದರು. ಬ್ರೇಕಮ್ಮ ಒಂದೊಂದೇ ಕಾರು ಹತ್ತಿ, ಅವುಗಳಲ್ಲಿ ಎರಡನೆಯ ಬ್ರೇಕು ಇಲ್ಲದಿದ್ದರೂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಾಲನ್ನು ತೊಡೆಯಡಿ ಒತ್ತಿಟ್ಟುಕೊಂಡು ಇಳಿಸಿದಳು. ಬ್ಯಾಂಕಿನವಳು ಕಿರುಚಿದಳು, ಇನ್ಸ್‌ಪೆಕ್ಟರು ಬೆವೆತ, ಔಷಧಿ ಅಂಗಡಿಯವನು ಶಟರಿನ ಮುಂದೆ ಮರಳಿನ ಚೀಲ ಪೇರಿಸಿ ಕೂತಿದ್ದ. ಮಧ್ಯಾಹ್ನ ಮೂರರವರೆಗೆ ಊರು ಬ್ರೇಕು ಒತ್ತಲು ಕಲಿಯಿತು. ಆ ಇಡೀ ದಿನ ಎದುರಾಳಿ ವಕೀಲ ಮನೆಮನೆ ಸುತ್ತಿ ಮತ ಕೇಳಿದ. ಬ್ರೇಕಮ್ಮ ಒಂದು ಮನೆಗೂ ಹೋಗಲಿಲ್ಲ.

ನಾನೂರ ಹದಿನೇಳು ಮತಗಳಿಂದ ಸೋತಳು. ಕಾರ್ಯದರ್ಶಿ ಎಣಿಕೆ ಕೇಂದ್ರದ ಹೊರಗೆ ತಲೆ ಮೇಲೆ ಕೈ ಹೊತ್ತು ಕೂತ. ‘ಆ ಒಂದು ಭಾಷಣ ಅಮ್ಮ! ಆ ಒಂದೇ ಒಂದು ಭಾಷಣ!’ ಬೇಸರ ಅವಳಿಗೂ ಆಗಿತ್ತು, ಒಂದು ದಿನ ಊಟ ಸೇರಲಿಲ್ಲ. ಗೆಲ್ಲಬೇಕೆಂದೇ ನಿಂತಿದ್ದಳು, ಆಟಕ್ಕಲ್ಲ. ಮಾರನೆಯ ದಿನ ಆರಕ್ಕೆ ಕಾರಿನ ಬಾಗಿಲು ತೆರೆದು, ‘ಐದು ವರ್ಷಕ್ಕೆ ಮತ್ತೆ ಬರತ್ತಲ್ಲ, ಚುನಾವಣೆ ಏನು ಓಡಿಹೋಗತ್ತಾ?’ ಎಂದಳು.

ವಕೀಲ ಮಾತಿಗೆ ತಪ್ಪಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕಾನೂನು ಬಂತು. ಒಂದು ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ತರಕಾರಿ ವ್ಯಾನಿನವನು ಬಂದು ಬೆಂಚಿನ ಮೇಲೆ ಕೂತಿದ್ದ. ಹಣೆಯ ಮೇಲೆ ಹೊಲಿಗೆಯ ಗುರುತು, ಕೈಯಲ್ಲಿ ಹೊಸ ಅರ್ಜಿ.

ಬ್ರೇಕಮ್ಮ ಅರ್ಜಿಯನ್ನು ಎರಡು ಸಲ ಓದಿದಳು. ‘ಈ ಕಾನೂನು ತಪ್ಪು ಅಂತ ಈಗಲೂ ಹೇಳ್ತೀನಿ.’

‘ಹೇಳಿ ಅಮ್ಮ.’

‘ಮುಂದಿನ ಸಲ ಗೆದ್ರೆ ತೆಗೆಸೋಕೆ ನೋಡ್ತೀನಿ.’

‘ನೋಡಿ ಅಮ್ಮ.’

‘ಆದ್ರೆ ಇವತ್ತಿಗೆ ಕಾನೂನು ಕಾನೂನೇ. ಹತ್ತು.’

ಆರು ವರ್ಷ ವ್ಯಾನು ಓಡಿಸಿದ ಕೈ. ಗೇರು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಇಳಿಜಾರಿನಲ್ಲಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದ. ಬ್ರೇಕಮ್ಮನ ಕಾಲಿಗೆ ಕೆಲಸವೇ ಇರಲಿಲ್ಲ. ಸ್ಕೂಲಿನ ಮುಂದೆ ಕಾರು ನಿಲ್ಲಿಸಲು ಹಿಂದಕ್ಕೆ ತೆಗೆಯುವಾಗ ಮಾತ್ರ ಹಿಂದಿನ ಚಕ್ರ ಮೋರಿಯ ಅಂಚಿಗೆ ಹತ್ತಿ ಇಳಿಯಿತು. ಅವನು ನಾಲಿಗೆ ಕಚ್ಚಿಕೊಂಡ.

‘ಬೇರೆ ಎರಡು ಸ್ಕೂಲಿದಾವೆ. ನಿನ್ನ ಈ ಕೈ ನೋಡಿ ಒಂದು ವಾರಕ್ಕೇ ಸಹಿ ಹಾಕಿ ಕೊಡ್ತಿದ್ರು. ನನ್ನ ಹತ್ರ ಯಾಕೆ ಬಂದೆ?’

‘ನೀವು ಸುಮ್ಸುಮ್ನೆ ಹಾಕಲ್ಲ ಅಂತ.’

ಬ್ರೇಕಮ್ಮ ಪೆನ್ನು ತೆಗೆದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರ ಹತ್ತಿದ ಮೋರಿಯ ಅಂಚನ್ನು ನೋಡಿದಳು. ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿದಳು.

‘ಹಾಗಾದ್ರೆ ಇವತ್ತು ಹಾಕಲ್ಲ. ನಿನ್ನ ರಿವರ್ಸ್ ಸೊಟ್ಟ ಇದೆ. ನಾಳೆ ಆರಕ್ಕೆ ಬಾ.’

ಮಾರನೆಯ ದಿನ ಅವನು ಐದೂ ಮುಕ್ಕಾಲಿಗೇ ಬಂದಿದ್ದ.